ನಲವತ್ತೆಂಟು ಬಟ್ಟಲು

ತಿಂಗಳ ಮೊದಲನೆಯ ಭಾನುವಾರ ಆ ಚರ್ಚಿನ ಸಭೆಯ ದೊಡ್ಡವರೆಲ್ಲ ಸೇರಿ ತಮ್ಮನ್ನು ತಾವು ತಗ್ಗಿಸಿಕೊಳ್ಳುತ್ತಿದ್ದರು. ಅವರು ತಗ್ಗಿಸಿಕೊಂಡು, ಚಹಾ ಕುಡಿದು ಮನೆಗೆ ಹೋದ ಮೇಲೆ ಬಕೆಟ್ಟಕ್ಕನಿಗೆ ಎರಡು ಗಂಟೆಯ ಕೆಲಸ ಹೆಚ್ಚಿಗೆ ಬೀಳುತ್ತಿತ್ತು.

ಬಕೆಟ್ಟಕ್ಕ ಆ ಚರ್ಚನ್ನು ಗುಡಿಸಿ ತೊಳೆಯುವವಳು. ಹೆತ್ತವರು ಇಟ್ಟ ಹೆಸರೊಂದು ಸಭೆಯ ರಿಜಿಸ್ಟರಿನಲ್ಲಿ ಇದೆ, ಕರೆಯುವವರು ಯಾರೂ ಇಲ್ಲ. ಭಾನುವಾರದ ಶಾಲೆಯ ಮಕ್ಕಳು ಎಂದೋ ಬಕೆಟ್ಟಕ್ಕ ಎಂದವು, ದೊಡ್ಡವರೂ ಅದನ್ನೇ ಹಿಡಿದುಕೊಂಡರು. ಅವಳಿಗೇನೂ ಬೇಸರವಿರಲಿಲ್ಲ. ಬಕೆಟ್ಟಿಲ್ಲದೆ ಯಾವ ಮನೆ ನಡೆದಿದೆ, ತೋರಿಸಿ ಎನ್ನುತ್ತಿದ್ದಳು. ವಯಸ್ಸು ಐವತ್ತೆರಡು, ತೋಳು ಕಬ್ಬಿಣ, ನಾಲಿಗೆ ಅದಕ್ಕಿಂತ ಗಟ್ಟಿ. ಆದರೆ ಆ ನಾಲಿಗೆಯನ್ನು ಅವಳು ಇಷ್ಟು ವರ್ಷ ಚರ್ಚಿನ ಗೇಟಿನಲ್ಲೇ ಬಿಟ್ಟು ಒಳಗೆ ಬರುತ್ತಿದ್ದಳು.

ಸೇವೆಯ ಭಾನುವಾರ ಎಂಬುದು ಹೊಸ ಪಾಸ್ಟರು ಹುಟ್ಟುಹಾಕಿದ ಏರ್ಪಾಡು. ಪಾಸ್ಟರು ಇನ್ನೂ ಚಿಕ್ಕ ವಯಸ್ಸಿನವರು, ಸಣಕಲು, ಮನಸ್ಸು ಒಳ್ಳೆಯದು. ಒಳ್ಳೆಯವರ ಉಪಾಯಗಳಿಂದ ಆಗುವಷ್ಟು ತಲೆನೋವು ಕೆಟ್ಟವರ ಉಪಾಯಗಳಿಂದ ಆಗುವುದಿಲ್ಲ, ಅದು ಬೇರೆ ಮಾತು. ಕರ್ತನೇ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದಿರುವಾಗ ನಾವು ನಮ್ಮ ಚರ್ಚನ್ನಾದರೂ ತೊಳೆಯಬಾರದೇ ಎಂದು ಅವರು ಒಂದು ಭಾನುವಾರ ಪ್ರಸಂಗ ಮಾಡಿ ಉಪದೇಶಿಸಿದರು. ಜನ ಕಣ್ಣೊರೆಸಿಕೊಂಡರು. ಮುಂದಿನ ತಿಂಗಳಿನಿಂದಲೇ ಮೊದಲನೆಯ ಭಾನುವಾರ ಬೆಳಿಗ್ಗೆ ಏಳಕ್ಕೆ ಆರು ಜನ ದೊಡ್ಡವರು ಪೊರಕೆ ಹಿಡಿದರು.

ಹೇಗೆ ಹಿಡಿದರು ಎಂಬುದನ್ನು ಕೇಳಬಾರದು. ಕಮಿಟಿಯ ಮುಖ್ಯಸ್ಥರಾದ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು ಹಜಾರವನ್ನು ಬಾಗಿಲಿನಿಂದ ಒಳಕ್ಕೆ ಗುಡಿಸಿದರು, ಕಂಟ್ರಾಕ್ಟರು ಒಳಗಿನಿಂದ ಬಾಗಿಲಿಗೆ ಗುಡಿಸಿದರು. ಧೂಳು ನಡುವೆ ಸಂಧಿಸಿ, ದಾರಿ ಕಾಣದೆ ಜಮಖಾನದ ಕೆಳಗೆ ಹೊಕ್ಕಿತು. ಹಲ್ಲಿನ ಡಾಕ್ಟರಮ್ಮ ಕಕ್ಕಸು ತೊಳೆಯುವ ಕೆಲಸವನ್ನು ಕೇಳಿ ಪಡೆದುಕೊಂಡರು. ಅವರು ಸುರಿದ ಫಿನಾಯಿಲಿಗೆ ಸೊಳ್ಳೆ ಹಾಗಿರಲಿ, ಪಕ್ಕದ ಮನೆಯ ಬೆಕ್ಕೂ ಮೂರು ದಿನ ಆ ಕಡೆ ಸುಳಿಯಲಿಲ್ಲ. ಎಲ್ಲರೂ ಫೋಟೊ ತೆಗೆಸಿಕೊಂಡರು. ಫೋಟೊಗಳು ನೋಟಿಸ್ ಬೋರ್ಡಿಗೆ ಹೋದವು, ಮೇಲೆ ಬಣ್ಣದ ಅಕ್ಷರದಲ್ಲಿ ‘ನಮ್ಮ ಸೇವಕರು’ ಎಂದು ಬರೆಯಲಾಯಿತು.

ಆ ದಿನ ಬಕೆಟ್ಟಕ್ಕನಿಗೆ ಮರ್ಯಾದೆ. ಅವಳು ಪೊರಕೆ ಮುಟ್ಟುವಂತಿಲ್ಲ. ಬಟ್ಟಲುಗಳಿಗೆ ದ್ರಾಕ್ಷಾರಸ ತುಂಬಿಸಿಟ್ಟು, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಮೊದಲನೆಯ ಬೆಂಚಿನ ತುದಿಯಲ್ಲಿ ಕೂರಬೇಕು. ‘ಇವತ್ತು ನೀವು ನಮ್ಮ ಅತಿಥಿ’ ಎಂದು ಪಾಸ್ಟರು ಕೈಹಿಡಿದು ಕೂರಿಸುತ್ತಿದ್ದರು. ಆರಾಧನೆ ಮುಗಿದು ಎಲ್ಲರೂ ಹೊರಟ ಮೇಲೆ ಅತಿಥಿ ಎದ್ದು, ಸೆರಗು ಬಿಗಿದು, ಜಮಖಾನ ಎತ್ತಿ, ಮೊದಲಿನಿಂದ ಶುರು ಮಾಡುತ್ತಿದ್ದಳು. ಹದಿನಾಲ್ಕು ತಿಂಗಳು ಹೀಗೆ ನಡೆಯಿತು. ಅವಳು ಯಾರಿಗೂ ಹೇಳಲಿಲ್ಲ.

ಅವಳ ನಿಜವಾದ ಕೆಲಸ ನೆಲವೂ ಅಲ್ಲ, ಕಕ್ಕಸೂ ಅಲ್ಲ, ಬಟ್ಟಲು. ಕರ್ತನ ಭೋಜನದ ಸಂಸ್ಕಾರ ನಡೆಯುವುದೂ ಅದೇ ಮೊದಲನೆಯ ಭಾನುವಾರ. ರೊಟ್ಟಿಯ ತುಣುಕಾದ ಮೇಲೆ ದ್ರಾಕ್ಷಾರಸವನ್ನು ಹೆಬ್ಬೆರಳಿನಷ್ಟು ದೊಡ್ಡ ಗಾಜಿನ ಬಟ್ಟಲುಗಳಲ್ಲಿ ಕೊಡುತ್ತಾರೆ. ತೂತು ಕೊರೆದ ದುಂಡನೆಯ ಮರದ ತಟ್ಟೆ, ಅದರಲ್ಲಿ ನಲವತ್ತೆಂಟು ಬಟ್ಟಲು. ತೊಳೆದ ಮೇಲೆ ಬಿಳಿ ಬಟ್ಟೆಯ ತುದಿಯನ್ನು ಕಿರುಬೆರಳಿಗೆ ಸುತ್ತಿ, ಒಂದೊಂದರ ಒಳಗೂ ತೂರಿಸಿ, ಎರಡು ಸುತ್ತು ತಿರುಗಿಸಬೇಕು. ಬಲ ಹೆಚ್ಚಾದರೆ ಅಂಚು ಸೀಳುತ್ತದೆ, ಕಡಿಮೆಯಾದರೆ ಕಲೆ ಉಳಿಯುತ್ತದೆ. ಇದನ್ನು ಅವಳಿಗೆ ಕಲಿಸಿದ್ದು ಅತ್ತೆ. ಅತ್ತೆ ಮೂವತ್ತು ವರ್ಷ ಇದೇ ಬಟ್ಟಲುಗಳನ್ನು ತೊಳೆದು, ಕಿರುಬೆರಳು ಕೊಕ್ಕೆಯಾದ ಮೇಲೆ ಸೊಸೆಯ ಕೈಗೆ ಬಟ್ಟೆ ಕೊಟ್ಟಿದ್ದಳು.

ಅತ್ತೆಯಾಗಲಿ ಸೊಸೆಯಾಗಲಿ ಆ ತಟ್ಟೆಯನ್ನು ಸಭೆಯ ಮುಂದೆ ಹಿಡಿದವರಲ್ಲ. ತೊಳೆಯುವ ಕೈ ಬೇರೆ, ಹಂಚುವ ಕೈ ಬೇರೆ. ಹಂಚುವುದು ಕಮಿಟಿಯ ಹಿರಿಯರು, ಅದರಲ್ಲೂ ಮ್ಯಾನೇಜರು. ಇದು ಎಲ್ಲಿಯೂ ಬರೆದಿಟ್ಟ ನಿಯಮವಲ್ಲ. ಬರೆದಿಟ್ಟಿದ್ದರೆ ಅಳಿಸಬಹುದಿತ್ತು.

ಈಗ ಕೊನೆಯ ಬೆಂಚಿನ ವಿಷಯ ಹೇಳಬೇಕು. ಚರ್ಚಿನಲ್ಲಿ ಒಂಬತ್ತು ಬೆಂಚು, ಒಂದೊಂದಕ್ಕೆ ಆರು ಜನ. ಮೊದಲೆಲ್ಲ ಎಂಟು ಬೆಂಚು ತುಂಬಿದರೆ ಹೆಚ್ಚು, ನಲವತ್ತೆಂಟು ಬಟ್ಟಲು ಸರಿಹೋಗುತ್ತಿತ್ತು. ಸೇವೆಯ ಭಾನುವಾರ ಶುರುವಾದ ಮೇಲೆ ಪೊರಕೆ ಹಿಡಿದವರ ನೆಂಟರಿಷ್ಟರು ನೋಡಲು ಬರತೊಡಗಿದರು, ಐದು ತಿಂಗಳಿನಿಂದ ಒಂಬತ್ತೂ ತುಂಬುತ್ತಿತ್ತು. ತಟ್ಟೆ ಮುಂದಿನಿಂದ ಹೊರಡುತ್ತದೆ. ಒಂಬತ್ತನೆಯ ಬೆಂಚಿಗೆ ಬರುವ ಹೊತ್ತಿಗೆ ಬರೀ ತೂತು.

ಆ ಬೆಂಚಿನಲ್ಲಿ ಕೂರುವವರು ಯಾರು? ಬೆಳಗಿನ ಮನೆಗೆಲಸ ಮುಗಿಸಿ ಓಡಿಬರುವ ಇಬ್ಬರು ಹೆಂಗಸರು, ರಾತ್ರಿ ಪಾಳಿ ಮುಗಿಸಿದ ಲಿಫ್ಟಿನವನು, ಮೀನು ಮಾರುವವಳು, ಅವಳ ಕಿವುಡ ಗಂಡ, ಮತ್ತೆ ಅತ್ತೆ. ಬಾಗಿಲಿಗೆ ಹತ್ತಿರ, ಊರುಗೋಲು ಊರಿಕೊಂಡು ಬಂದವಳಿಗೆ ಅದೇ ಅನುಕೂಲ. ತಟ್ಟೆ ಬರಿದಾದಾಗ ಪಾಸ್ಟರು ದೂರದಿಂದ ಕೈಯೆತ್ತಿ, ಕರ್ತನಿಗೆ ನಿಮ್ಮ ಮನಸ್ಸು ಗೊತ್ತು ಎನ್ನುತ್ತಿದ್ದರು. ಮ್ಯಾನೇಜರು ಮುಂದಿನ ಸಲ ನೋಡೋಣ ಎನ್ನುತ್ತಿದ್ದರು. ಇನ್ನೊಂದು ಡಜನ್ ಬಟ್ಟಲು ತರಿಸಿ ಎಂದು ಬಕೆಟ್ಟಕ್ಕ ಮೂರು ಸಲ ಕೇಳಿದಳು. ಮೂರು ಸಲವೂ ಕಮಿಟಿ ಅದನ್ನು ಗಮನಕ್ಕೆ ತೆಗೆದುಕೊಂಡಿತು. ಅತ್ತೆಯ ತುಟಿಗೆ ಬಟ್ಟಲು ತಾಗಿ ಐದು ತಿಂಗಳಾಗಿತ್ತು.

ಇಷ್ಟಾದರೂ ಬಕೆಟ್ಟಕ್ಕನ ನಾಲಿಗೆ ಗೇಟಿನಲ್ಲೇ ಇತ್ತು. ಅದನ್ನು ಒಳಗೆ ಕರೆತಂದದ್ದು ಒಂದು ಬಟ್ಟೆ.

ಆ ಭಾನುವಾರ ಮಧ್ಯಾಹ್ನ ಅವಳು ಹಿಂದಿನ ಕೋಣೆಯಲ್ಲಿ ನಲವತ್ತೆಂಟು ಬಟ್ಟಲು ತೊಳೆದು ಬೋರಲು ಹಾಕಿ, ಒರೆಸಲೆಂದು ಮೊಳೆಗೆ ಕೈಚಾಚಿದಳು. ಬಿಳಿ ಬಟ್ಟೆ ಒದ್ದೆಯಾಗಿತ್ತು. ಮೂಗಿನ ಹತ್ತಿರ ತಂದಳು, ಫಿನಾಯಿಲು. ಬಿಡಿಸಿ ನೋಡಿದರೆ ನಡುವೆ ಹಳದಿ ಕಲೆ. ಅವಳಲ್ಲಿ ಮೂರು ಬಟ್ಟೆಗಳಿದ್ದವು. ಕಕ್ಕಸಿಗೆ ಕೆಂಪು, ನೆಲಕ್ಕೆ ಚೌಕಳಿ, ಬಟ್ಟಲಿಗೆ ಬಿಳಿ. ಬಿಳಿಯದನ್ನು ಅವಳು ಬೇರೆ ಬಟ್ಟೆಗಳ ಜೊತೆ ಒಗೆಯುತ್ತಲೂ ಇರಲಿಲ್ಲ.

ನೇರವಾಗಿ ನೋಟಿಸ್ ಬೋರ್ಡಿಗೆ ಹೋದಳು. ಬೆಳಗಿನ ಫೋಟೊಗಳು ಆಗಲೇ ಬಂದಿದ್ದವು. ಹಲ್ಲಿನ ಡಾಕ್ಟರಮ್ಮ ಕಕ್ಕಸಿನ ಮುಂದೆ ಮೊಣಕಾಲೂರಿ ನಗುತ್ತಿದ್ದರು, ಕೈಯಲ್ಲಿ ಬಿಳಿ ಬಟ್ಟೆ.

ಚಹಾದ ಲೋಟ ಹಿಡಿದು ಇನ್ನೂ ಅಲ್ಲೇ ನಿಂತಿದ್ದ ಡಾಕ್ಟರಮ್ಮನನ್ನು ಕೇಳಿದಳು. ಅವರು ಒಂದಿಷ್ಟೂ ಮುಚ್ಚಿಡಲಿಲ್ಲ.

“ಹೌದಕ್ಕಾ, ನಾನೇ ತಗೊಂಡೆ. ಆ ಕೆಂಪು ಬಟ್ಟೆ ತುಂಬಾ ಕೊಳಕಾಗಿತ್ತು. ಅಂಥ ಕೆಲಸಕ್ಕೆ ಇರೋದ್ರಲ್ಲಿ ಒಳ್ಳೇ ಬಟ್ಟೆ ತಗೊಂಡ್ರೆ ಕೆಲಸಕ್ಕೇ ಒಂದು ಗೌರವ ಕೊಟ್ಟ ಹಾಗಲ್ವಾ ಅನ್ನಿಸ್ತು. ಮತ್ತೆ ಜಾಗಕ್ಕೇ ನೇತು ಹಾಕಿದ್ದೀನಲ್ಲ?”

“ಹಾಕಿದ್ದೀರಿ ಡಾಕ್ಟ್ರಮ್ಮ. ಅದೇ ಬಟ್ಟೇಲಿ ಬಟ್ಟಲು ಒರೆಸಿಟ್ಟಿದ್ರೆ ಬರೋ ತಿಂಗಳು ನೀವೇ ಕುಡೀತಿದ್ರಿ.”

ಡಾಕ್ಟರಮ್ಮನ ಮುಖ ಬಿಳುಚಿತು. ಅಯ್ಯೋ ಗೊತ್ತಾಗಲಿಲ್ಲ ಎಂದು ಹತ್ತು ಸಲ ಹೇಳಿದರು, ಮನಸ್ಸಿನಿಂದಲೇ ಹೇಳಿದರು. ಬಕೆಟ್ಟಕ್ಕನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಇನ್ನೊಂದಕ್ಕೆ. ಈ ಹೆಂಗಸಿಗೆ ಕಕ್ಕಸು ತೊಳೆಯಲು ಒಂದು ದಿನ ಕೆಳಗಿಳಿಯುವ ದಾರಿ ಇದೆ. ಆ ದಾರಿಯಲ್ಲಿ ಮೇಲಕ್ಕೆ ಬರಲು ನನ್ನನ್ನೇಕೆ ಬಿಡುವುದಿಲ್ಲ? ದಾರಿ ಎಂದ ಮೇಲೆ ಎರಡೂ ಕಡೆಗೆ ಹೋಗಬೇಕಲ್ಲ.

ಬಿಳಿ ಬಟ್ಟೆಯನ್ನು ಕಸದ ಬುಟ್ಟಿಗೆ ಹಾಕಿ ಮನೆಗೆ ಬಂದಳು. ಆ ದಿನ ಜಮಖಾನ ಎತ್ತಲಿಲ್ಲ.

ಬುಧವಾರ ಸಂಜೆ ಪಾಸ್ಟರ ಕೋಣೆಯಲ್ಲಿ ಕಮಿಟಿ. ಮೇಜಿನ ಸುತ್ತ ಐದು ಕುರ್ಚಿ. ಬಕೆಟ್ಟಕ್ಕ ಬಾಗಿಲಲ್ಲಿ ನಿಂತಳು. ಕೂತ್ಕೊಳ್ಳಿ ಎಂದು ಪಾಸ್ಟರು ಎದ್ದು ತಮ್ಮ ಕುರ್ಚಿ ಕೊಡಲು ಬಂದರು, ಅವಳು ಬೇಡವೆಂದಳು.

“ಬರೋ ಸೇವೆಯ ಭಾನುವಾರದ ಪಟ್ಟೀಲಿ ನನ್ನ ಹೆಸರೂ ಹಾಕ್ಕೊಳ್ಳಿ” ಎಂದಳು.

ಪಾಸ್ಟರಿಗೆ ಸಂತೋಷವಾಯಿತು. “ನೀವು ವರ್ಷವಿಡೀ ಮಾಡ್ತೀರಲ್ಲಕ್ಕಾ! ಅವತ್ತೊಂದು ದಿನ ರೆಸ್ಟ್ ತಗೊಳ್ಳಿ ಅಂತಾನೇ ನಾವು—”

“ಪೊರಕೆ ಅಲ್ಲ ಪಾಸ್ಟರೇ. ತಟ್ಟೆ. ಬಟ್ಟಲಿನ ತಟ್ಟೆ ನಾನು ಹಿಡೀತೀನಿ.”

ಮ್ಯಾನೇಜರು ಕನ್ನಡಕ ತೆಗೆದು ಒರೆಸಿದರು. ಬ್ಯಾಂಕಿನಲ್ಲಿ ಸಾಲ ಇಲ್ಲ ಎನ್ನುವ ಮೊದಲು ಹೀಗೇ ಒರೆಸುತ್ತಿದ್ದಿರಬೇಕು.

“ನೋಡಮ್ಮ, ಅದು ಜವಾಬ್ದಾರಿ ಕೆಲಸ. ಅದಕ್ಕೆ ಸಭೆ ಆರಿಸಿದವರಿದ್ದಾರೆ.”

“ಕಕ್ಕಸು ತೊಳೆಯೋಕೂ ಸಭೆ ನನ್ನನ್ನ ಆರಿಸಿತ್ತು ಸಾರ್. ಆದ್ರೂ ತಿಂಗಳಿಗೊಂದು ಸಲ ಡಾಕ್ಟ್ರಮ್ಮಂಗೆ ಬಿಟ್ಟುಕೊಡ್ತೀನಿ. ನಾನು ಬೇಡ ಅಂದಿದ್ದೀನಾ?”

ಕಂಟ್ರಾಕ್ಟರು ಕೆಮ್ಮಿನ ನೆಪದಲ್ಲಿ ನಕ್ಕರು. ಮ್ಯಾನೇಜರು ಅವರ ಕಡೆ ನೋಡಿದರು, ಕೆಮ್ಮು ನಿಂತಿತು.

“ಸೇವೇಲಿ ಮೇಲು ಕೀಳು ಇಲ್ಲ ಅಂತ ಪಾಸ್ಟರು ಎರಡು ವರ್ಷದಿಂದ ಹೇಳ್ತಿದ್ದಾರೆ” ಎಂದಳು ಬಕೆಟ್ಟಕ್ಕ. “ಇಲ್ಲ ಅಂದ್ಮೇಲೆ ನಂಗೆ ಇದು, ನಿಮಗೆ ಅದು, ಯಾವುದಾದ್ರೇನು? ಇದೆ ಅಂದ್ರೆ ಅದನ್ನಾದ್ರೂ ಬಾಯಿಬಿಟ್ಟು ಹೇಳಿ, ನಾನು ಕೇಳ್ಕೊಂಡು ಹೋಗ್ತೀನಿ.”

ಪಾಸ್ಟರಿಗೆ ನುಂಗಲಾರದ ಬಿಸಿ ತುಪ್ಪ. ಮೇಜಿನ ಮೇಲಿನ ಪೆನ್ನನ್ನು ಎತ್ತಿ ಇಟ್ಟರು, ಇಟ್ಟು ಎತ್ತಿದರು. “ಅಕ್ಕಾ, ನೀವು ಹೇಳೋದು ತಪ್ಪಲ್ಲ. ಆದ್ರೆ ಮುಂದೆ ಬಂದು ಕಾಣಿಸ್ಕೋಬೇಕು ಅನ್ನೋ ಆಸೆ ಇದ್ಯಲ್ಲ, ಅದನ್ನ ಒಂಚೂರು ಪರೀಕ್ಷೆ ಮಾಡ್ಕೋಬೇಕು. ಶಿಷ್ಯರಾದವರು ತಗ್ಗಿಸ್ಕೋಬೇಕು.”

“ಇನ್ನೆಷ್ಟು ತಗ್ಗಲಿ ಪಾಸ್ಟರೇ? ನೆಲ ಒರೆಸೋಳು ನಾನು. ನೆಲಕ್ಕಿಂತ ಕೆಳಗೆ ಜಾಗ ಇದ್ರೆ ತೋರಿಸಿ, ಅಲ್ಲೂ ಒರೆಸ್ತೀನಿ.”

ಮ್ಯಾನೇಜರು ಕನ್ನಡಕ ಹಾಕಿಕೊಂಡರು. “ಇದು ಅಹಂಕಾರದ ಮಾತು. ನಿನ್ನ ಕೆಲಸ ನಿನಗೆ ಕೀಳು ಅನ್ನಿಸ್ತಿದ್ರೆ ಹೇಳು, ಬೇರೆಯವರು ಸಿಗ್ತಾರೆ.”

“ಸಿಗ್ತಾರೆ ಸಾರ್. ಆರು ಜನ ಸಿಕ್ಕಿದ್ದಾರಲ್ಲ. ಜಮಖಾನದ ಕೆಳಗೆ ಒಂದ್ಸಲ ನೋಡಿ, ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂತ.”

ಹೊರಗೆ ಬಂದು ಗೇಟಿನ ಕಂಬ ಹಿಡಿದು ಸ್ವಲ್ಪ ಹೊತ್ತು ನಿಂತಳು. ಅಹಂಕಾರ ಎಂಬ ಮಾತು ಚುಚ್ಚಿತ್ತು. ಸುಳ್ಳಾಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ ಎಂಬ ಅನುಮಾನವೂ ಬಂತು. ತಟ್ಟೆ ಹಿಡಿದು ನಡುದಾರಿಯಲ್ಲಿ ನಡೆಯುವ ತನ್ನನ್ನು ತಾನೇ ಊಹಿಸಿಕೊಂಡು ಅವಳು ಒಂದೆರಡು ಸಲ ಖುಷಿಪಟ್ಟದ್ದು ನಿಜ. ಆದರೆ ಖುಷಿಪಡುವುದೇ ಪಾಪವಾದರೆ ನೋಟಿಸ್ ಬೋರ್ಡಿನ ಮೇಲೆ ನಗುತ್ತಿರುವವರೆಲ್ಲ ಮೊದಲು ಅಳಬೇಕಾಗುತ್ತದೆ ಎಂದುಕೊಂಡು ಮನೆಯ ದಾರಿ ಹಿಡಿದಳು.

ಮನೆ ಎಂದರೆ ಎರಡು ಕೋಣೆ. ಕಿಟಕಿಯ ಪಕ್ಕ ಅತ್ತೆಯ ಮಂಚ. ಗಂಡ ಬ್ರೆಡ್ಡಿನ ವ್ಯಾನು ಓಡಿಸುವವನು. ಚರ್ಚಿಗೆ ವರ್ಷಕ್ಕೆ ಎರಡು ಸಲ ಬಂದರೆ ಪುಣ್ಯ. ನಡೆದದ್ದೆಲ್ಲ ಕೇಳಿ ಅವನು ತಲೆಗೆ ಕೈಹೊತ್ತ.

“ನಿಂಗೆ ಬೇಕಿತ್ತಾ ಇದು? ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ ನಿಜ, ಎದ್ದವನಿಗೆ ಎರಡು. ಅಮ್ಮಂಗೆ ಒಂದು ಬಟ್ಟಲು ಬೇಕು, ಅಷ್ಟೇ ತಾನೇ? ತುಂಬೋಳು ನೀನೇ. ಒಂದನ್ನ ಹಿಂದಿನ ಕೋಣೇಲಿ ಎತ್ತಿಟ್ಟು ಆಮೇಲೆ ಕೊಡು. ಯಾರಿಗೂ ಗೊತ್ತಾಗಲ್ಲ.”

ಮಂಚದಿಂದ ಅತ್ತೆಯ ದನಿ ಬಂತು. ಎಂಬತ್ತೊಂದು ವರ್ಷ, ಹಲ್ಲು ನಾಲ್ಕು, ಮಾತು ಮಾತ್ರ ಪೂರ್ತಿ. “ಕದ್ದು ಕುಡಿಯೋಕೆ ಅದೇನು ಸಾರಾಯೇನೋ?”

“ಹಾಗಾದ್ರೆ ನೀವು ಮುಂದಿನ ಬೆಂಚಿಗೆ ಬನ್ನಿ ಅತ್ತೆ” ಎಂದಳು ಬಕೆಟ್ಟಕ್ಕ. “ಅವತ್ತು ನನ್ನ ಜಾಗ ಇದ್ಯಲ್ಲ, ಅಲ್ಲಿ ಕೂತ್ಕೊಳ್ಳಿ. ನಾನು ಹಿಂದೆ ಹೋಗ್ತೀನಿ.”

“ನಾನೊಬ್ಳು ಮುಂದೆ ಹೋಗಿ ಕುಡಿದ್ರೆ ಉಳಿದ ಐದು ಜನ ಬಾಯಿ ಚಪ್ಪರಿಸ್ಬೇಕಾ? ಆ ಬೆಂಚಲ್ಲಿ ನಾನೇ ಹಿರಿಯಳು ಕಣೆ.” ಅತ್ತೆಗೆ ಉಬ್ಬಸ ಬಂತು, ಸುಧಾರಿಸಿಕೊಂಡಳು. “ಪಾಸ್ಟರು ಮನೇಗೇ ತಂದುಕೊಡ್ತೀನಿ ಅಂದ್ರು ಮೊನ್ನೆ. ಬೇಡ ಅಂದೆ. ನಾನು ಪೇಷೆಂಟಲ್ಲ, ಸಭೆಯೋಳು. ಅಲ್ಲೇ ಕೊಟ್ರೆ ಕೊಡ್ಲಿ.”

ಹೃದಯದ ಡಾಕ್ಟರು ಮೆಟ್ಟಿಲು ಹತ್ತಲೇಬಾರದು ಎಂದಿದ್ದರು. ಚರ್ಚಿಗೆ ಏಳು ಮೆಟ್ಟಿಲು. ಬರುವ ಮೊದಲನೆಯ ಭಾನುವಾರ ಒಂದು ಸಲ ಹತ್ತುತ್ತೇನೆ, ಆಮೇಲೆ ನೀವು ಹೇಳಿದ ಹಾಗೆ ಮಂಚದಲ್ಲೇ ಬಿದ್ದಿರುತ್ತೇನೆ ಎಂದು ಅತ್ತೆ ಡಾಕ್ಟರ ಜೊತೆ ಚೌಕಾಸಿ ಮಾಡಿಬಂದಿದ್ದಳು. ಆ ಭಾನುವಾರವೂ ತಟ್ಟೆ ಬರಿದಾಗಿ ಬಂದರೆ ಮತ್ತೆ ಇನ್ನೊಂದಿಲ್ಲ. ಮನೆಯಲ್ಲಿ ಮೂವರಿಗೂ ಇದು ಗೊತ್ತಿತ್ತು.

“ನೀವು ಹೇಳಿ ಅತ್ತೆ” ಎಂದಳು ಸೊಸೆ, ಮಂಚದ ಅಂಚಿಗೆ ಕೂತು. “ನಾನು ತಟ್ಟೆ ಕೇಳಿದ್ದು ಅಹಂಕಾರಾನಾ?”

ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡು ತೊಳೆದವಳು, ಸುಮ್ಮನಿರು ಎನ್ನುತ್ತಾಳೆಂದೇ ಬಕೆಟ್ಟಕ್ಕ ಅಂದುಕೊಂಡಿದ್ದಳು.

“ಇರಬಹುದು” ಎಂದಳು ಅತ್ತೆ. “ಒಂಚೂರು ಇದ್ರೆ ಇರ್ಲಿ ಬಿಡು. ಅಷ್ಟೂ ಇಲ್ದೇ ಇದ್ದಿದ್ದಕ್ಕೇ ನಾನು ಮೂವತ್ತು ವರ್ಷ ಸುಮ್ಮನಿದ್ದೆ. ಅದನ್ನ ಎಲ್ರೂ ನನ್ನ ದೀನತೆ ಅಂತ ಹೊಗಳಿದ್ರು. ದೀನತೆಯೂ ಇಲ್ಲ, ಏನೂ ಇಲ್ಲ, ಹೆದರಿಕೆ ಕಣೆ.”

ಹೆಂಡತಿ ಹೊಸ ಬಿಳಿ ಬಟ್ಟೆಗೆ ಅಂಚು ಹೊಲಿಯುತ್ತಿರುವುದನ್ನು ಗಂಡ ಆ ವಾರವೆಲ್ಲ ನೋಡಿದ. ಏನೂ ಕೇಳಲಿಲ್ಲ. ಕೇಳಿದರೆ ತನ್ನನ್ನೂ ಸೇರಿಸಿಕೊಂಡಾಳು ಎಂಬ ಭಯ.

ಕಮಿಟಿಯಿಂದ ಉತ್ತರ ಬರಲಿಲ್ಲ. ಮುಂದಿನ ತಿಂಗಳ ಮೊದಲನೆಯ ಭಾನುವಾರದ ಹಿಂದಿನ ದಿನ, ಶನಿವಾರ, ಪಟ್ಟಿ ಬಂತು. ಕಕ್ಕಸಿಗೆ ಡಾಕ್ಟರಮ್ಮ, ಹಜಾರಕ್ಕೆ ಕಂಟ್ರಾಕ್ಟರು, ಬಟ್ಟಲು ಹಂಚಲು ಎಂದಿನಂತೆ ಮ್ಯಾನೇಜರು. ಬಕೆಟ್ಟಕ್ಕನ ಹೆಸರಿನ ಮುಂದೆ ‘ಅತಿಥಿ’ ಎಂದಿತ್ತು.

ಭಾನುವಾರ ಅತ್ತೆ ಏಳು ಮೆಟ್ಟಿಲುಗಳನ್ನು ಹತ್ತಲು ಹದಿನೈದು ನಿಮಿಷ ತೆಗೆದುಕೊಂಡಳು. ಒಂದು ಕಡೆ ಸೊಸೆ, ಇನ್ನೊಂದು ಕಡೆ ಲಿಫ್ಟಿನವನು. ಜನ್ಮವಿಡೀ ಲಿಫ್ಟಲ್ಲಿ ಜನರನ್ನ ಹತ್ತಿಸಿದ್ದೀಯ, ನನ್ನ ಕಾಲಕ್ಕೆ ಕರೆಂಟ್ ಹೋಯ್ತಲ್ಲೋ ಎಂದು ಅವನನ್ನು ಅಷ್ಟರಲ್ಲೂ ಕೆಣಕಿದಳು. ಒಂಬತ್ತನೆಯ ಬೆಂಚಿನವರು ಸರಿದು ಜಾಗ ಕೊಟ್ಟರು. ಬಕೆಟ್ಟಕ್ಕ ಮುಂದೆ ಹೋಗಿ ತನ್ನ ಅತಿಥಿಯ ಜಾಗದಲ್ಲಿ ಕೂತಳು. ಅವಳ ಪಕ್ಕದಲ್ಲೇ ಮ್ಯಾನೇಜರು, ಆಚೆಗೆ ಡಾಕ್ಟರಮ್ಮ. ಮೂರು ಹೆಜ್ಜೆ ದೂರದಲ್ಲಿ ಮೇಜು, ಮೇಲೆ ಬಿಳಿ ಹೊದಿಕೆಯ ಕೆಳಗೆ ಅವಳೇ ತುಂಬಿಸಿಟ್ಟ ತಟ್ಟೆ.

ಪ್ರಸಂಗ ಎಂದಿನಂತೆ ಚೆನ್ನಾಗಿತ್ತು. ರೊಟ್ಟಿಯಾಯಿತು. ಪಾಸ್ಟರು ಬಟ್ಟಲುಗಳ ಮೇಲೆ ಪ್ರಾರ್ಥನೆ ಮಾಡಿ, ಹೊದಿಕೆ ತೆಗೆದು, ಪ್ರತಿ ತಿಂಗಳೂ ಹೇಳುವ ಮಾತನ್ನೇ ಹೇಳಿದರು.

“ಸೇವೆ ಮಾಡುವವರು ಮುಂದೆ ಬನ್ನಿ.”

ಬಕೆಟ್ಟಕ್ಕ ಎದ್ದಳು.

ಮ್ಯಾನೇಜರೂ ಎದ್ದಿದ್ದರು. ಆದರೆ ಅವರಿಗೆ ಕೋಟಿನ ಗುಂಡಿ ಹಾಕಿಕೊಳ್ಳುವುದಿತ್ತು, ಅವಳಿಗೆ ಅಂಥದ್ದೇನೂ ಇರಲಿಲ್ಲ. ಮೂರು ಹೆಜ್ಜೆಗೆ ಮೇಜು ಸೇರಿ, ತಟ್ಟೆಯ ಕೆಳಗೆ ಎರಡೂ ಅಂಗೈ ಹರಡಿ ಎತ್ತಿದಳು. ಒಂದು ಬಟ್ಟಲೂ ಸದ್ದು ಮಾಡಲಿಲ್ಲ. ಮ್ಯಾನೇಜರು ಬಂದು ತಟ್ಟೆಯ ಅಂಚು ಹಿಡಿದರು, ನಲವತ್ತೆಂಟೂ ಒಟ್ಟಿಗೆ ಗಲಗಲ ಎಂದವು.

“ಬಿಡಿ ಸಾರ್, ಚೆಲ್ಲುತ್ತೆ” ಎಂದಳು ಅವಳು, ಮೆಲ್ಲಗೆ.

“ಕೊಡು ಇಲ್ಲಿ. ಏನಿದು ನಾಟಕ?”

“ನಾಟಕ ಆದ್ರೆ ಫೋಟೊದವರನ್ನ ಕರೀರಿ. ಬಿಡಿ.”

ತುಂಬಿದ ತಟ್ಟೆಯ ಜೊತೆ ಯಾರು ಕಿತ್ತಾಡುತ್ತಾರೆ? ಚೆಲ್ಲಿದರೆ ಕೋಟೂ ಹೋಗುತ್ತದೆ, ಮಾನವೂ ಹೋಗುತ್ತದೆ. ಅವರು ಪಾಸ್ಟರ ಮುಖ ನೋಡಿದರು. ಪಾಸ್ಟರು ಬಾಯಿ ತೆರೆದರು. ಮುಂದೆ ಬನ್ನಿ ಎಂದವರು ತಾವೇ, ಬಂದವಳನ್ನು ಹೋಗು ಎನ್ನಲು ಅವರಿಗೆ ಮಾತು ಸಿಗಲಿಲ್ಲ. ಬಾಯಿ ಮುಚ್ಚಿ, ಮೇಜಿನ ಅಂಚನ್ನು ಹಿಡಿದುಕೊಂಡು ನಿಂತರು. ಮ್ಯಾನೇಜರು ಕೈಬಿಟ್ಟು ಕೂತರು.

ಬಕೆಟ್ಟಕ್ಕ ಮೊದಲನೆಯ ಬೆಂಚಿನತ್ತ ತಿರುಗಲಿಲ್ಲ. ನಡುದಾರಿ ಹಿಡಿದು ನೇರವಾಗಿ ನಡೆದಳು. ಎರಡನೆಯ ಬೆಂಚಿನವರು ಅಭ್ಯಾಸಬಲದಿಂದ ಕೈಚಾಚಿದ್ದರು, ತಟ್ಟೆ ಅವರನ್ನು ದಾಟಿಹೋಯಿತು. ಮೂರನೆಯದು, ನಾಲ್ಕನೆಯದು. ತಲೆಗಳು ಒಂದೊಂದಾಗಿ ಹಿಂದಕ್ಕೆ ತಿರುಗಿದವು. ಎಲ್ಲಿಗೆ ಹೋಗ್ತಿದ್ದಾಳೆ ಎಂದು ಯಾರೋ ಪಿಸುಗುಟ್ಟಿದರು. ಅವಳಿಗೆ ಆಗ ಹೆದರಿಕೆ ಇರಲಿಲ್ಲ. ಈ ನಡುದಾರಿಯ ಕಲ್ಲು ಕಲ್ಲೂ ಅವಳಿಗೆ ಗೊತ್ತು. ಇಪ್ಪತ್ತೊಂದು ವರ್ಷ ಅದರ ಮೇಲೆ ಮಂಡಿಯೂರಿ ನಡೆದವಳು, ಎದ್ದು ನಿಂತು ನಡೆಯುವುದೇನು ಕಷ್ಟ?

ಒಂಬತ್ತನೆಯ ಬೆಂಚಿನ ಮುಂದೆ ನಿಂತು ತಟ್ಟೆಯನ್ನು ಅತ್ತೆಯ ಮುಂದೆ ಹಿಡಿದಳು.

ಅತ್ತೆ ಕೊಕ್ಕೆಬೆರಳನ್ನು ಬಟ್ಟಲಿಗೆ ಸಿಕ್ಕಿಸಿಕೊಂಡು ಎತ್ತಿದಳು. ಕುಡಿಯಲಿಲ್ಲ. ಪಕ್ಕದ ಮೀನಿನವಳಿಗೆ, ಅವಳ ಗಂಡನಿಗೆ, ಮನೆಗೆಲಸದ ಇಬ್ಬರಿಗೆ, ಲಿಫ್ಟಿನವನಿಗೆ ಸಿಕ್ಕಿತೋ ಇಲ್ಲವೋ ಎಂದು ಒಬ್ಬೊಬ್ಬರ ಕೈಯನ್ನೂ ನೋಡಿದಳು. ಎಲ್ಲರ ಕೈಯಲ್ಲೂ ಇತ್ತು. ಕಿವುಡನಿಗೆ ಏನು ನಡೆಯುತ್ತಿದೆ ಎಂದು ತಿಳಿಯದೆ ಅವನು ನಗುತ್ತಿದ್ದ.

“ಕುಡೀರೋ” ಎಂದಳು ಅತ್ತೆ, ಇಡೀ ಸಭೆಗೆ ಕೇಳುವಂತೆ, ಮತ್ತು ಕುಡಿದಳು.

ಬಕೆಟ್ಟಕ್ಕನ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಹಾಗೆಯೇ ಎಂಟನೆಯ ಬೆಂಚಿಗೆ ಬಂದಳು, ಏಳನೆಯದಕ್ಕೆ ಬಂದಳು. ಯಾರಾದರೂ ಬೇಡವೆಂದಾರು ಎಂದುಕೊಂಡಿದ್ದಳು. ಐದನೆಯ ಬೆಂಚಿನಲ್ಲಿ ಯಾರದೋ ನೆಂಟನೊಬ್ಬ ಮುಖ ಪಕ್ಕಕ್ಕೆ ತಿರುಗಿಸಿದ. ಅವಳು ಒಂದು ಕ್ಷಣ ನಿಂತು, ಅವನ ಪಾಲನ್ನು ತಟ್ಟೆಯಲ್ಲೇ ಬಿಟ್ಟು ಮುಂದಕ್ಕೆ ಹೋದಳು. ಉಳಿದವರು ತೆಗೆದುಕೊಂಡರು. ಕೆಲವರು ಅವಳ ಮುಖ ನೋಡಿ ತೆಗೆದುಕೊಂಡರು, ಕೆಲವರು ನೋಡದೆ.

ಎರಡನೆಯ ಬೆಂಚು ಮುಗಿದಾಗ ತಟ್ಟೆಯಲ್ಲಿ ಒಂದೇ ಬಟ್ಟಲಿತ್ತು. ಎದುರಿಗೆ ಮೊದಲನೆಯ ಬೆಂಚು. ಡಾಕ್ಟರಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ತಟ್ಟೆಯನ್ನು ನೋಡಿ, ನನಗೆ ಬೇಡ ಎಂಬಂತೆ ತಲೆಯಾಡಿಸಿದರು. ಅದು ಮುನಿಸಲ್ಲ ಎಂದು ಬಕೆಟ್ಟಕ್ಕನಿಗೆ ಗೊತ್ತಾಯಿತು. ಮ್ಯಾನೇಜರು ನೆಟ್ಟಗೆ ಗೋಡೆ ನೋಡುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು.

ಆ ಒಂದು ಬಟ್ಟಲು ಅವಳದ್ದು. ಹಂಚುವವರು ಕೊನೆಗೆ ಕುಡಿಯುವುದು ಪದ್ಧತಿ, ಮ್ಯಾನೇಜರು ಪ್ರತಿ ತಿಂಗಳೂ ತಪ್ಪದೆ ತಮ್ಮ ಪಾಲು ಕುಡಿದೇ ಕೂರುತ್ತಿದ್ದರು. ಅವಳಿಗೂ ಬಾಯಾರಿತ್ತು. ಈ ಮನುಷ್ಯನ ಎದುರಿಗೇ ನಿಂತು, ನಿಧಾನವಾಗಿ, ಕೊನೆಯ ಹನಿಯವರೆಗೂ ಕುಡಿಯಬೇಕೆಂದು ಅವಳಿಗೆ ಎಷ್ಟು ಆಸೆಯಾಯಿತೆಂದರೆ, ಬೆರಳು ಬಟ್ಟಲಿನ ಹತ್ತಿರಕ್ಕೆ ಹೋಯಿತು. ಐದು ತಿಂಗಳು ಕೊನೆಯ ಬೆಂಚಿಗೆ ಹೇಗನ್ನಿಸಿತ್ತು ಎಂದು ಇವರಿಗೆ ಇವತ್ತೊಂದು ದಿನವಾದರೂ ಗೊತ್ತಾಗಲಿ!

ಆಮೇಲೆ ಅವಳಿಗೇ ನಾಚಿಕೆಯಾಯಿತು. ಇದಕ್ಕಾ ನಾನು ತಟ್ಟೆ ಕೇಳಿದ್ದು? ಬಟ್ಟಲು ಇಟ್ಟುಕೊಂಡು ಬೇರೆಯವರ ಬಾಯಿ ಒಣಗಿಸುವುದನ್ನು ಇವರಿಂದ ಕಲಿಯುವುದಾದರೆ, ಇವರು ಹಿಡಿದ ತಟ್ಟೆಗೂ ನಾನು ಹಿಡಿದ ತಟ್ಟೆಗೂ ಏನು ವ್ಯತ್ಯಾಸ?

ಕೂತವರಿಗೆ ತಟ್ಟೆ ಹಿಡಿಯಬೇಕಾದರೆ ನಿಂತವರು ಬಗ್ಗಲೇಬೇಕು. ಬಕೆಟ್ಟಕ್ಕ ಬಗ್ಗಿದಳು. ಬಗ್ಗು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮ್ಯಾನೇಜರು ತಟ್ಟೆಯನ್ನು ನೋಡಿದರು, ಖಾಲಿ ತೂತುಗಳ ನಡುವೆ ಉಳಿದಿದ್ದ ಒಂದನ್ನು ನೋಡಿದರು. ತೆಗೆದುಕೊಂಡರೆ ಇವಳ ಕೈಯಿಂದ ತೆಗೆದುಕೊಂಡ ಹಾಗೆ. ಬಿಟ್ಟರೆ ಕರ್ತನ ಬಟ್ಟಲನ್ನು ಬಿಟ್ಟ ಹಾಗೆ. ಅವರ ಕೈ ಮಂಡಿಯ ಮೇಲೆಯೇ ಇತ್ತು. ಅವಳ ಸೊಂಟ ನೋಯುತ್ತಿತ್ತು, ತೋಳು ಅಲುಗಲಿಲ್ಲ.

“ತಗೊಳ್ಳಿ ಸಾರ್” ಎಂದಳು ಬಕೆಟ್ಟಕ್ಕ. “ಮುಂದಿನ ತಿಂಗಳೂ ನಾನೇ ತರೋದು.”